ತಾಯಿಗೆ ಶ್ವಾಸಕೋಶದ ಫೈಬ್ರೋಸಿಸ್: ಅನುಭವವಿದ್ದವರು ತಿಳಿಸಿ

ಪ್ರಶ್ನೆ: 66 ವರ್ಷದ ನನ್ನ ತಾಯಿಗೆ ವರ್ಷದಿಂದ ಒಣಕೆಮ್ಮಿತ್ತು. ಎಚ್‌ಆರ್‌ಸಿಟಿ ಎಂಬ ಎದೆಯ ಸ್ಕ್ಯಾನ್ ನೋಡಿದ ವೈದ್ಯರು ಶ್ವಾಸಕೋಶ ನಾರುಗಟ್ಟಿದೆ, ಆಗಿರುವುದು ಸರಿಹೋಗುವುದಿಲ್ಲ ಎಂದರು. ಕೈಗಾದ ಗಾಯ ಮಾಯುವಂತೆ ಇದೇಕೆ ಮಾಯುವುದಿಲ್ಲ? ಹಾಗಾದರೆ ಮಾತ್ರೆಯಿಂದ ಪ್ರಯೋಜನವೇನು?

ಉತ್ತರ 1: ನನ್ನ ತಂದೆಯವರಿಗೆ ಈ ಕಾಯಿಲೆಯಲ್ಲೇ ಐಪಿಎಫ್ ಎಂಬ, ನಿರ್ದಿಷ್ಟ ಕಾರಣ ಪತ್ತೆಯಾಗದ ಬಗೆ ಇತ್ತು. ಜೀವಶಾಸ್ತ್ರ ಪಾಠ ಮಾಡುವ ನನಗೂ ಇದು ಅರ್ಥವಾಗಲು ಬಹಳ ದಿನ ಹಿಡಿಯಿತು. ಶ್ವಾಸಕೋಶದ ಗಾಳಿಚೀಲದ ಒಳಮೈಯನ್ನು ಎರಡು ಬಗೆಯ ಅನುಲೇಪಕ ಕೋಶಗಳು ಹೊದ್ದಿರುತ್ತವೆ. ಮೊದಲನೆಯವು ತೆಳ್ಳಗೆ ಹರಡಿಕೊಂಡು ಶೇ. 95ರಷ್ಟು ಜಾಗವನ್ನು ಮುಚ್ಚುತ್ತವೆ, ಆಮ್ಲಜನಕ ಇವನ್ನು ದಾಟಿಯೇ ರಕ್ತ ಸೇರುತ್ತದೆ. ಎರಡನೆಯವು ಮೂಲೆಗಳಲ್ಲಿ ಗುಂಡಗೆ ಕುಳಿತು, ಚೀಲ ಕುಸಿಯದಂತೆ ಕಾಯುವ ಸರ್ಫ್ಯಾಕ್ಟಂಟನ್ನು ಸ್ರವಿಸುತ್ತವೆ. ಮೊದಲನೆಯವು ಸತ್ತರೆ ಈ ಎರಡನೆಯವೇ ವಿಭಜಿಸಿ, ಚಪ್ಪಟೆಯಾಗಿ ಆ ಜಾಗವನ್ನು ತುಂಬುತ್ತವೆ. ನ್ಯುಮೋನಿಯಾ ವಾಸಿಯಾದವರ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದು ಬಹುಪಾಲು ಇವುಗಳ ದುಡಿಮೆಯಿಂದ. ಐಪಿಎಫ್‌ನಲ್ಲಿ ಸೋಲುವುದು ಈ ದುರಸ್ತಿಗಾರ ಕೋಶಗಳೇ. ವಯಸ್ಸು, ಹೊಗೆ, ವಂಶವಾಹಿಯ ದೋಷಗಳಿಂದ ಬಳಲಿದ ಅವು ಅರ್ಧ ಬದಲಾದ ಸ್ಥಿತಿಯಲ್ಲೇ ನಿಂತುಬಿಡುತ್ತವೆ ಮತ್ತು ಪಕ್ಕದ ಫೈಬ್ರೋಬ್ಲಾಸ್ಟ್ ಕೋಶಗಳಿಗೆ ನಾರು ಹೆಣೆಯುವಂತೆ ಸಂಕೇತ ಕಳಿಸುತ್ತಲೇ ಇರುತ್ತವೆ.

ಪಿರ್ಫೆನಿಡೋನ್, ನಿಂಟೆಡಾನಿಬ್ ಮಾತ್ರೆಗಳು ಆ ನಾರು ಬೆಳೆಯುವ ವೇಗವನ್ನು ತಗ್ಗಿಸುತ್ತವೆಯೇ ಹೊರತು ಸೋತ ಕೋಶಗಳನ್ನು ಎಬ್ಬಿಸುವುದಿಲ್ಲ. ಇದು ತಿಳಿಯದೆ, ಮೆಟ್ಟಿಲು ಹತ್ತಿದೊಡನೆ ಆಕ್ಸಿಮೀಟರ್ 94ರಿಂದ 86ಕ್ಕೆ ಇಳಿಯುವುದನ್ನು ನೋಡಿ ತಂದೆಯವರು ಮಾತ್ರೆ ಬಿಡಲು ಹೊರಟಿದ್ದರು. ಇರುವ ಉಸಿರು ಬೇಗ ಕುಗ್ಗದಿರುವುದೇ ಅದರ ಫಲವೆಂದು ತಾಯಿಯವರಿಗೆ ಮೊದಲೇ ಹೇಳಿಬಿಡಿ. ಪಿರ್ಫೆನಿಡೋನನ್ನು ಊಟದ ನಡುವೆ, ಅರ್ಧ ಮುದ್ದೆ ಮುಗಿದ ಮೇಲೆ ಕೊಟ್ಟಾಗ ತಂದೆಯವರಿಗೆ ವಾಕರಿಕೆ ತಗ್ಗಿತು. ಬಿಸಿಲಿಗೆ ಚರ್ಮ ಕೆಂಪಾಗುವುದರಿಂದ ಕೊಡೆ ಬೇಕೇ ಬೇಕು. ಯಕೃತ್ತಿನ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ.

ಉತ್ತರ 2: ಮೇಲಿನವರು ಹೇಳಿದ್ದಕ್ಕೆ ಒಂದನ್ನು ಸೇರಿಸಬೇಕು: ಆ ಕೋಶಗಳಿಗೆ ದಿನವೂ ಪೆಟ್ಟು ಕೊಡುತ್ತಿರುವುದು ಯಾವುದೆಂದು ಹುಡುಕಿ. ನನ್ನ ಅತ್ತೆಯವರಿಗೆ ಅದು ಬಾಲ್ಕನಿಯ ಪಾರಿವಾಳದ ಹಿಕ್ಕೆಯಾಗಿತ್ತು. ನಿತ್ಯ ಬೆಳಗ್ಗೆ ಅದನ್ನು ಒಣಗಿದಂತೆಯೇ ಗುಡಿಸುತ್ತಿದ್ದರು. 2017ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ, ಈ ಗುಂಪಿನ ಕಾಯಿಲೆಗಳಿದ್ದ 1,084 ಮಂದಿಯಲ್ಲಿ ಶೇ. 47ರಷ್ಟು ಜನರಿಗೆ ಇಂಥ ಧೂಳು, ಬೂಷ್ಟುಗಳಿಗೆ ದೇಹ ಸಿಡಿದೇಳುವ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಇತ್ತು. ಬಗೆ ಯಾವುದೆಂದು ಖಚಿತವಾಗುವುದು ಬಹಳ ಮುಖ್ಯ, ಏಕೆಂದರೆ ಅತ್ತೆಯವರಿಗೆ ಒಗ್ಗಿದ ಸ್ಟೀರಾಯ್ಡ್, ಐಪಿಎಫ್‌ನಲ್ಲಿ ಅಜಥಯೋಪ್ರಿನ್ ಮತ್ತು ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿಗಳ ಜೊತೆ ಕೊಟ್ಟಾಗ ಸಾವುಗಳನ್ನು ಹೆಚ್ಚಿಸಿತೆಂದು 2012ರಲ್ಲೇ ತಿಳಿದುಬಂದಿದೆ. ಮುಂದಿನ ಭೇಟಿಗೆ ಮೊದಲು ಪಾರಿವಾಳ, ಏರ್ ಕೂಲರ್, ಸೌದೆ ಒಲೆ, ಹಳೆಯ ಮಾತ್ರೆಗಳು ಎಲ್ಲವನ್ನೂ ಬರೆದುಕೊಂಡು ಹೋಗಿ, ವೈದ್ಯರು ಕೇಳದಿದ್ದರೂ ನೀವಾಗಿಯೇ ತೋರಿಸಿ.