ಪ್ಯಾರಾಮೋಟರ್: ಮೈಸೂರಲ್ಲಿ ಸರಿಯಿದ್ದ ಎಂಜಿನ್ ಕಡಲತೀರದಲ್ಲಿ ನಾಲ್ಕೈದು ನಿಮಿಷಕ್ಕೇ ಸೊರಗುತ್ತಿದೆ

ಚಾಮುಂಡಿ ತಪ್ಪಲು:

ಎಲ್ಲರಿಗೂ ನಮಸ್ಕಾರ. ಬೆನ್ನಿಗೆ ಕಟ್ಟಿಕೊಂಡು ಬಟ್ಟೆಯ ರೆಕ್ಕೆಯ (ವಿಂಗ್) ಕೆಳಗೆ ಹಾರುವ ಯಂತ್ರ ಈ ಪ್ಯಾರಾಮೋಟರ್. ನನ್ನದು 185 ಸಿಸಿ, ಟೂ ಸ್ಟ್ರೋಕ್, ಏರ್ ಕೂಲ್ಡ್ ಎಂಜಿನ್. ಬೆಲ್ಟ್ ರಿಡಕ್ಷನ್, ಕ್ಲಚ್ ಇದೆ, ಕಾರ್ಬನ್ ಪ್ರೊಪೆಲ್ಲರ್, ವಾಲ್ಬ್ರೋ ಮಾದರಿಯ ಡಯಾಫ್ರಮ್ ಕಾರ್ಬ್ಯುರೇಟರ್ (ಒಳಗಿನ ತೆಳು ಪೊರೆಯೇ ಪೆಟ್ರೋಲ್ ಪಂಪ್ ಮಾಡುವಂಥದ್ದು). ಮೈಸೂರಿನ ಹೊರಗಿನ ಬಯಲಿನಲ್ಲಿ ಹಾರಿಸುವಾಗ ಯಾವ ತಕರಾರೂ ಇರಲಿಲ್ಲ. ಈಗ ಎಲ್ಲ ಬಿಚ್ಚಿ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಕಾಪು ಕಡೆಗೆ ಬಂದಿದ್ದೇನೆ. ಕೇಜ್ (ಪ್ರೊಪೆಲ್ಲರ್ ಸುತ್ತಲಿನ ರಕ್ಷಣೆಯ ಚೌಕಟ್ಟು) ಜೋಡಿಸಿ, ಟ್ಯಾಂಕ್ ಕೂರಿಸಿ ಸ್ಟಾರ್ಟ್ ಮಾಡಿದರೆ ಐಡ್ಲಿಂಗ್ ಚೆನ್ನಾಗಿದೆ. ಬೆನ್ನಿಗೆ ಹಾಕಿಕೊಂಡು ಹತ್ತು ಸೆಕೆಂಡ್ ಫುಲ್ ಕೊಟ್ಟರೂ ಚೆನ್ನಾಗಿದೆ. ಮೇಲೇರಿ ನಾಲ್ಕೈದು ನಿಮಿಷ ಕಳೆಯುವಷ್ಟರಲ್ಲಿ ಆರ್‌ಪಿಎಂ ಏರಿಳಿಯಲು ಶುರುವಾಗುತ್ತದೆ, ಆಮೇಲೆ ದಮ್ಮು ಕಟ್ಟಿ ಸೊರಗುತ್ತದೆ. ಥ್ರಾಟಲ್ ಬಿಟ್ಟು ಅರ್ಧ ನಿಮಿಷ ಸುಮ್ಮನಿದ್ದರೆ ಮತ್ತೆ ಎಳೆಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ.

ಸಿಲಿಂಡರ್ ಹೆಡ್ ಟೆಂಪರೇಚರ್ ಮೈಸೂರಲ್ಲಿ ಫುಲ್ ಕೊಟ್ಟು ಏರುವಾಗ 190 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಇಲ್ಲಿ 220 ದಾಟಿಯೂ ಏರುತ್ತಲೇ ಇತ್ತು, ಇಳಿಸಿಬಿಟ್ಟೆ. ಪ್ಲಗ್ ಬಿಚ್ಚಿ ನೋಡಿದರೆ ಪಿಂಗಾಣಿ ಭಾಗ ಬೆಳ್ಳಗಿದೆ, ಕಾಫಿ ಬಣ್ಣ ಎಲ್ಲೂ ಇಲ್ಲ. ಆಯಿಲ್ ಲೀಟರಿಗೆ 20 ಎಂಎಲ್ ಹಾಕಿದ್ದೇನೆ.

ಸಮುದ್ರಮಟ್ಟದ ಗಾಳಿ ದಟ್ಟ, ಹಾಗಾಗಿ ಮಿಕ್ಸ್ಚರ್ ಲೀನ್ ಆಗಿದೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ) ಅಂತ ನನ್ನ ಅಂದಾಜು. ಯಂತ್ರವನ್ನು ಮರಳಿನ ಮೇಲೆ ನಿಲ್ಲಿಸಿ, ಗೆಳೆಯನಿಗೆ ಫ್ರೇಮ್ ಹಿಡಿಯಲು ಹೇಳಿ, ಫುಲ್ ಥ್ರಾಟಲ್‌ನಲ್ಲೇ ಎಚ್ ಸ್ಕ್ರೂ (ಫುಲ್‌ನಲ್ಲಿ ಎಷ್ಟು ಪೆಟ್ರೋಲ್ ಹರಿಯಬೇಕು ಅಂತ ಹೊಂದಿಸುವ ಸ್ಕ್ರೂ) ತಿರುಗಿಸಿ ಸರಿ ಮಾಡೋಣ ಅಂತಿದ್ದೇನೆ. ಎಷ್ಟು ಸುತ್ತು ಬಿಚ್ಚಬೇಕು? ಇನ್ನೊಂದು ಸಣ್ಣ ವಿಷಯ: ಇಲ್ಲಿ ಜೋಡಿಸಿದ ಮೇಲೆ ಫುಲ್ ಕೊಟ್ಟಾಗ ಮೈ ಒಂದು ಪಕ್ಕಕ್ಕೆ ಜಾಸ್ತಿ ತಿರುಚುತ್ತಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಎರಡು ಸ್ಟ್ರೋಕ್:

ಸರ್, ಮೊದಲು ಆ ಮರಳಿನ ಮೇಲಿನ ಯೋಜನೆ ಕೈಬಿಡಿ. ಸ್ಕ್ರೂ ವಿಷಯ ಆಮೇಲೆ.

ನಿಮ್ಮ ಗಾತ್ರದ ಎಂಜಿನ್ ಫುಲ್‌ನಲ್ಲಿ 70 ಕಿಲೋಗಿಂತ ಹೆಚ್ಚು ತಳ್ಳುತ್ತದೆ. ನಿಂತಿರುವ ಯಂತ್ರ ಹಿಡಿದವನ ಮೇಲೆ ಬೀಳುವಾಗ ಮನುಷ್ಯ ಮಾಡುವ ಮೊದಲ ಕೆಲಸ ಅಂಗೈ ಚಾಚಿ ತಡೆಯುವುದು. ಆ ಅಂಗೈ ತಗುಲುವುದು ಕೇಜಿನ ಬಲೆಗೆ. ಬಲೆ ಇರುವುದು ವಿಂಗಿನ ದಾರಗಳನ್ನು ತಡೆಯಲಿಕ್ಕೆ. ಕೈಯ ಭಾರಕ್ಕೆ ಅದು ಒಳಕ್ಕೆ ಜಗ್ಗುತ್ತದೆ, ಪ್ರೊಪೆಲ್ಲರ್ ಇರುವುದು ಅಲ್ಲಿಂದ ನಾಲ್ಕು ಬೆರಳು ದೂರದಲ್ಲಿ. ಈ ಕ್ರೀಡೆಯಲ್ಲಿ ಬೆರಳು, ಮುಂಗೈ ಕಳೆದುಕೊಂಡವರಲ್ಲಿ ಬಹಳ ಜನಕ್ಕೆ ಅದು ಆದದ್ದು ಆಕಾಶದಲ್ಲಲ್ಲ, ನೆಲದ ಮೇಲೆ ಸ್ಟಾರ್ಟ್ ಮಾಡುವಾಗ ಅಥವಾ ಹೀಗೆ ಟ್ಯೂನ್ ಮಾಡುವಾಗ. ಕ್ಲಚ್ ಇದೆ, ಐಡ್ಲಿಂಗ್‌ನಲ್ಲಿ ಪ್ರಾಪ್ ತಿರುಗುವುದಿಲ್ಲ ಅನ್ನುವ ಧೈರ್ಯವೂ ಬೇಡ. ಬಿಚ್ಚಿ ಜೋಡಿಸಿದ ಯಂತ್ರದಲ್ಲಿ ಥ್ರಾಟಲ್ ಕೇಬಲ್ ಫ್ರೇಮಿನ ಸಂದಿಗೆ ಸಿಕ್ಕಿಕೊಂಡಿದ್ದರೆ ಸ್ಟಾರ್ಟ್ ಆದ ಕ್ಷಣವೇ ಫುಲ್‌ಗೆ ಹೋಗುತ್ತದೆ. ಪ್ರತಿ ಸಲವೂ ಸ್ಟಾರ್ಟ್ ಮಾಡುವ ಮೊದಲು ಥ್ರಾಟಲ್ ಒತ್ತಿ ಬಿಟ್ಟು, ಕಾರ್ಬ್ಯುರೇಟರಿನ ಲಿವರ್ 'ಟಕ್' ಅಂತ ಹಿಂದಕ್ಕೆ ಬಂದು ನಿಲ್ಲುವುದನ್ನು ಕಣ್ಣಾರೆ ನೋಡಿ. ಸ್ಟಾರ್ಟ್ ಆದ ಮೇಲೆ ಮೊದಲ ಕೆಲಸ ಕಿಲ್ ಸ್ವಿಚ್ ಒತ್ತಿ ನಿಲ್ಲಿಸಿ ನೋಡುವುದು. ಆ ಸ್ವಿಚ್ ಇಗ್ನಿಷನ್ನನ್ನು ಅರ್ಥ್ ಮಾಡಿ ನಿಲ್ಲಿಸುತ್ತದೆ, ವೈರ್ ತುಂಡಾಗಿದ್ದರೆ ಎಷ್ಟು ಒತ್ತಿದರೂ ಎಂಜಿನ್ ಓಡುತ್ತಲೇ ಇರುತ್ತದೆ.

ಟ್ಯೂನ್ ಮಾಡುವ ರೀತಿ ಇಷ್ಟೇ: ಎಂಜಿನ್ ಆಫ್, ಪ್ಲಗ್ ಕ್ಯಾಪ್ ತೆಗೆದು, ಸ್ಕ್ರೂ ಎಂಟನೇ ಒಂದು ಸುತ್ತು. ಆಮೇಲೆ ಯಂತ್ರ ನಿಮ್ಮ ಬೆನ್ನ ಮೇಲೆ, ಎಲ್ಲ ಬಕಲ್ ಹಾಕಿ, ಹುಲ್ಲಿರುವ ಗಟ್ಟಿ ನೆಲದಲ್ಲಿ ನಿಂತು ಫುಲ್. ಮರಳಿನ ಮೇಲೆ ಬೇಡ, ಪ್ರಾಪ್ ಅದನ್ನು ಮೇಲಕ್ಕೆ ಎಳೆದುಕೊಂಡು ಅಂಚು ತರಿದುಕೊಳ್ಳುತ್ತದೆ. ಗೆಳೆಯ ದೂರದಲ್ಲಿ, ನಿಮ್ಮ ಮುಂದೆ ಇರಲಿ. ಪಕ್ಕದಲ್ಲಿ, ಅಂದರೆ ಪ್ರಾಪ್ ತಿರುಗುವ ಸಮತಲದಲ್ಲಿ, ಯಾರೂ ನಿಲ್ಲಬಾರದು. ಬೋಲ್ಟೋ ಚೂರೋ ಹಾರಿದರೆ ಆ ದಿಕ್ಕಿಗೇ ಹೋಗುವುದು.

ಇನ್ನು ರೋಗಕ್ಕೆ ಬರೋಣ. ಗಾಳಿಯ ಬಗ್ಗೆ ನೀವು ಹೇಳಿದ್ದು ತಪ್ಪಲ್ಲ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಅದೇ ಉಷ್ಣಾಂಶದಲ್ಲಿ ಕಾಪುವಿನ ಗಾಳಿ 9% ಆಸುಪಾಸು ಹೆಚ್ಚು ದಟ್ಟ, ಕರಾವಳಿಯ ಸೆಕೆ ಲೆಕ್ಕಕ್ಕೆ ಹಿಡಿದರೆ 7% ಅನ್ನಿ. ಗಾಳಿ ಅಷ್ಟು ಹೆಚ್ಚಾದರೆ ಈ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲೂ ಸ್ವಲ್ಪ ಹೆಚ್ಚು ಹರಿಯುತ್ತದೆ, ಹಾಗಾಗಿ ನಿಜವಾಗಿ ಲೀನ್ ಆಗುವುದು 3-4% ಮಾತ್ರ. ಅಷ್ಟಕ್ಕೇ ಎಂಜಿನ್ 30 ಡಿಗ್ರಿ ಏರಿ ಸೊರಗುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯ, ಸ್ಕ್ರೂ ಲೀನ್ ಇದ್ದರೆ ಥ್ರಾಟಲ್ ಬಿಟ್ಟು ಅರ್ಧ ನಿಮಿಷಕ್ಕೆ ಗುಣವಾಗಿ, ಮತ್ತೆ ಲೆಕ್ಕ ಹಾಕಿದ ಹಾಗೆ ಕೈಕೊಡುವುದಿಲ್ಲ. ಹೊತ್ತು ನೋಡಿಕೊಂಡು ಬರುವ ರೋಗ ಅಂದರೆ ಪೆಟ್ರೋಲ್ ಬರುವ ದಾರಿಯಲ್ಲಿ ಎಲ್ಲೋ ತಡೆ ಇದೆ ಅಥವಾ ಗಾಳಿ ಸೇರುತ್ತಿದೆ. ಆ ತೂತನ್ನು ಹಾಗೇ ಬಿಟ್ಟು ಸ್ಕ್ರೂ ಬಿಚ್ಚಿದರೆ ನೆಲದ ಮೇಲೆ ಸರಿಹೋದಂತೆ ಕಾಣುತ್ತದೆ, ಮುನ್ನೂರು ಅಡಿಯಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಹಾಗಾಗಿ ಈಗ ಸ್ಪ್ಯಾನರ್, ಸ್ಕ್ರೂಡ್ರೈವರ್ ಏನೂ ಬೇಡ. ಮತ್ತೆ ಹಾಗೆ ಆದಾಗ ಇಳಿದು ಎಂಜಿನ್ ನಿಲ್ಲಿಸಿ, ಕೂಡಲೇ ಟ್ಯಾಂಕಿನ ಮುಚ್ಚಳ ಬಿಚ್ಚಿ ಕಿವಿ ಕೊಡಿ. 'ಸುಯ್' ಅಂತ ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿನ ವೆಂಟ್, ಅಂದರೆ ಒಳಗೆ ಗಾಳಿ ಬಿಡುವ ದಾರಿ, ಕಟ್ಟಿದೆ. ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ನಿರ್ವಾತ ಏರುತ್ತದೆ, ಕಾರ್ಬ್ಯುರೇಟರಿನ ಪಂಪ್ ಸೋಲುತ್ತದೆ. ಥ್ರಾಟಲ್ ಬಿಟ್ಟರೆ ಚೂರುಚೂರು ಗಾಳಿ ನುಸುಳಿ ಸುಧಾರಿಸುತ್ತದೆ. ಬಿಚ್ಚಿ ಜೋಡಿಸಿದ ಮೇಲೆ ಶುರುವಾಗಿದೆ ಅನ್ನುವುದೂ ಇದಕ್ಕೇ ಹೊಂದುತ್ತದೆ. ಮುಚ್ಚಳ ಸುಮ್ಮನಿದ್ದರೆ ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಹರಿಯುತ್ತದಾ ನೋಡಬೇಕು, ಅದನ್ನು ಫುಲ್ ಥ್ರಾಟಲ್‌ನಲ್ಲಿ ದೂರದಿಂದ ಗೆಳೆಯ ಮೊಬೈಲಿನಲ್ಲಿ ಜೂಮ್ ಮಾಡಿ ವಿಡಿಯೋ ತೆಗೆಯಲಿ. ಆಮೇಲೆ ಫಿಲ್ಟರ್, ಕ್ರ್ಯಾಂಕ್‌ಕೇಸಿನಿಂದ ಬಂದು ಪೆಟ್ರೋಲ್ ಪಂಪ್ ನಡೆಸುವ ಪಲ್ಸ್ ಪೈಪ್, ಕೊನೆಗೆ ಕಾರ್ಬ್ಯುರೇಟರಿನ ಒಳಗಿನ ಡಯಾಫ್ರಮ್‌ಗಳು.

ಮೈ ತಿರುಚುವುದು ಬೇರೆ ವಿಷಯ. ಪ್ರಾಪಿನ ಟಾರ್ಕ್, ಅಂದರೆ ಅದು ತಿರುಗುವುದರ ಎದುರು ದಿಕ್ಕಿಗೆ ಯಂತ್ರವನ್ನು ತಿರುಚುವ ಬಲ, ಎಲ್ಲ ಯಂತ್ರದಲ್ಲೂ ಇರುತ್ತದೆ, ಹೊಸದಾಗಿ ಹೆಚ್ಚಾಗಿದ್ದರೆ ಹಾರ್ನೆಸ್ಸಿನ ಎಡ–ಬಲ ಸ್ಟ್ರಾಪ್ ಅಳತೆ ವ್ಯತ್ಯಾಸವಾಗಿದೆ ಅಥವಾ ಅದನ್ನು ತಡೆಯುವ ಆ್ಯಂಟಿ ಟಾರ್ಕ್ ಸ್ಟ್ರಾಪ್ ಹಾಕುವುದು ಬಿಟ್ಟುಹೋಗಿದೆ. ಟ್ಯಾಂಕ್ ತುಂಬಿ, ಗಟ್ಟಿ ಕೊಂಬೆಗೋ ತೊಲೆಗೋ ಎರಡು ಕ್ಯಾರಬೀನರ್‌ಗಳಿಂದ ನೇತುಹಾಕಿ ಕೂತು ನೋಡಿ. ಹಾಗೆ ಕೂತಿರುವಾಗಲೇ ವಿಂಗ್ ತಿರುಗಿಸುವ ಬ್ರೇಕಿನ ಹಿಡಿಯನ್ನು ಹಿಂದಕ್ಕೆ ಎಳೆದು, ಕೈ ಜಾರಿದರೆ ಅದು ಪ್ರಾಪಿಗೆ ಮುಟ್ಟುತ್ತದಾ ಅಂತಲೂ ಪರೀಕ್ಷಿಸಿ. ಟೇಕ್‌ಆಫ್ ಆದ ತಕ್ಷಣ ಯಂತ್ರ ತಿರುಚಿದರೆ ಥ್ರಾಟಲ್ ಸ್ವಲ್ಪ ಇಳಿಸಿ. ಫುಲ್ ಇಟ್ಟುಕೊಂಡೇ ಒಂದು ಕಡೆಯ ಬ್ರೇಕ್ ಆಳವಾಗಿ ಎಳೆದು ಅದರ ಜೊತೆ ಗುದ್ದಾಡಿದರೆ ಆ ಬದಿಯ ವಿಂಗ್ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ, ಆ ಎತ್ತರದಲ್ಲಿ ರಿಸರ್ವ್ ಪ್ಯಾರಾಚೂಟ್ ಬಿಚ್ಚಿಕೊಳ್ಳಲೂ ಸಮಯ ಇರುವುದಿಲ್ಲ.

ಪಡುಗಾಳಿ:

ಮೇಲಿನವರು ಹೇಳಿದ್ದು ಸರಿ ಉಂಟು. ನಮ್ಮಲ್ಲಿ ನಾಡದೋಣಿಯ ಔಟ್‌ಬೋರ್ಡ್ ಎಂಜಿನಿಗೂ ಇದೇ ಕಾಯಿಲೆ ಬರುತ್ತದೆ ಮಾರಾಯ್ರೆ. ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಗೆ ಒಂದು ಸ್ಕ್ರೂ ಇರುತ್ತದೆ, ಅದನ್ನು ತೆರೆಯದೆ ಹೊರಟರೆ ಅಳಿವೆ ದಾಟುವಷ್ಟರಲ್ಲಿ ಎಂಜಿನ್ ನಿಲ್ಲುತ್ತದೆ. ಮಲ್ಪೆ ಬಂದರಿನ ಹತ್ತಿರದ ಔಟ್‌ಬೋರ್ಡ್ ಮೆಕ್ಯಾನಿಕ್‌ಗಳಿಗೆ ತೋರಿಸಿದರೆ ಪೈಪಿನ ಗಾಳಿ ಸೋರಿಕೆ ಅವರು ಬೇಗ ಹುಡುಕಿಕೊಡುತ್ತಾರೆ, ಪೆಟ್ರೋಲ್ ಪೈಪೂ ಅಲ್ಲೇ ಸಿಗುತ್ತದೆ.

ಒಂದು ವಿಷಯ ನಾನು ಗಟ್ಟಿಯಾಗಿ ಹೇಳಬೇಕು. ಎಂಜಿನ್ ನಂಬಿಕೆಗೆ ಬರುವ ತನಕ ನೀರಿನ ಮೇಲೆ ಹೋಗಲೇಬೇಡಿ. ಬೆಳಿಗ್ಗೆ ಇಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುವುದು, ಹಿಂದೆ ಬರುವಾಗ ಅದು ಎದುರುಗಾಳಿ. ಎಂಜಿನ್ ನಿಂತ ವಿಂಗ್ 100 ಮೀಟರ್ ಎತ್ತರದಿಂದ ಗಾಳಿ ಇಲ್ಲದಾಗ ಸುಮಾರು 650 ಮೀಟರ್ ಬರುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 10 ಕಿಲೋಮೀಟರಿನ ಎದುರುಗಾಳಿ ಇದ್ದರೆ ಅದು 480ರ ಹತ್ತಿರ ಇಳಿಯುತ್ತದೆ. ಸೊಂಟದ ಮಟ್ಟದ ನೀರಲ್ಲಿ ಬಿದ್ದರೂ ಸಾಕು, ಬೆನ್ನಿನ 25-30 ಕಿಲೋ ಭಾರ ಮುಖವನ್ನು ಕೆಳಗೆ ಮಾಡಿ ಒತ್ತುತ್ತದೆ, ಅಲೆ ವಿಂಗನ್ನು ಎಳೆಯುತ್ತದೆ, ದಾರ ಕಾಲಿಗೆ ಸುತ್ತುತ್ತದೆ. ಈಜು ಬಂದವರೂ ಮುಳುಗುತ್ತಾರೆ. ನೀರು ತಾಗಿದರೆ ತಾನೇ ಉಬ್ಬುವ ಫ್ಲೋಟ್ ಫ್ರೇಮಿಗೆ ಕಟ್ಟಿಕೊಳ್ಳದೆ ತೀರದಲ್ಲಿ ಹಾರುವುದನ್ನು ನಾನು ಒಪ್ಪುವುದಿಲ್ಲ. ನಡು ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಜೋರಾಗುತ್ತದೆ, ಆಗ ವಿಂಗ್ ಬಿಚ್ಚಲೂಬೇಡಿ.

ಮತ್ತೆ, ಹಾರುವ ಮೊದಲು ಪೊಲೀಸರ ಹತ್ತಿರ ಕೇಳಿ ಅನುಮತಿ ಪತ್ರ ಕೈಯಲ್ಲಿ ಇಟ್ಟುಕೊಳ್ಳಿ. ಮಲ್ಪೆಯಲ್ಲಿ ಕರಾವಳಿ ಕಾವಲು ಪೊಲೀಸ್ ಠಾಣೆಯೂ ಉಂಟು. ದಕ್ಷಿಣಕ್ಕೆ ಬಜ್ಪೆ ವಿಮಾನ ನಿಲ್ದಾಣ, ಉತ್ತರಕ್ಕೆ ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ. ಆ ಎರಡೂ ಕಡೆಗೆ ತೀರ ಹಿಡಿದುಕೊಂಡು ಹೋಗುವ ಯೋಚನೆಯೇ ಬೇಡ.

ಚಾಮುಂಡಿ ತಪ್ಪಲು:

ಇಬ್ಬರಿಗೂ ತುಂಬಾ ಧನ್ಯವಾದ. ಹೊಲದ ಮೇಲೆಯೇ ಸುತ್ತು ಹಾಕಿ, ಸೊರಗಿದ ಕೂಡಲೇ ಇಳಿಸಿ ಮುಚ್ಚಳ ಬಿಚ್ಚಿದೆ. 'ಸುಯ್' ಅಂತ ಜೋರಾಗಿಯೇ ಎಳೆದುಕೊಂಡಿತು! ಟ್ಯಾಂಕ್ ಬಿಚ್ಚಿ ನೋಡಿದರೆ ವೆಂಟ್ ಪೈಪ್ ಟ್ಯಾಂಕಿನ ಬೆನ್ನಿಗೂ ಫ್ರೇಮಿನ ಕೆಳಗಿನ ಪಟ್ಟಿಗೂ ಮಧ್ಯೆ ಸಿಕ್ಕಿ ಚಪ್ಪಟೆಯಾಗಿದೆ, ಮಡಿಕೆಯ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ.

ಆದರೆ ಅಲ್ಲಿಗೇ ಮುಗಿಯಲಿಲ್ಲ. ವೆಂಟ್ ಸರಿ ಮಾಡಿದ ಮೇಲೆ ಸೊರಗುವುದು ನಿಂತಿತು, ಟೆಂಪರೇಚರ್ ಮಾತ್ರ 210ರ ಮೇಲೆಯೇ. ಗೆಳೆಯ ತೆಗೆದ ವಿಡಿಯೋದಲ್ಲಿ ಪೈಪಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಕಾಣುತ್ತದೆ. ಕಾರ್ಬ್ಯುರೇಟರಿಗೆ ಸೇರುವ ತುದಿಯಲ್ಲಿ ಪೈಪ್ ಹಳದಿಯಾಗಿ, ಉಗುರು ಒತ್ತಿದರೂ ಇಳಿಯದಷ್ಟು ಗಟ್ಟಿಯಾಗಿದೆ. ಅಷ್ಟು ಹಳೆಯ ಪೈಪ್ ಅಲ್ಲ. ಇದು ಪೆಟ್ರೋಲಿನ ಎಥೆನಾಲ್ ಕೆಲಸವಾ?

ಎರಡು ಸ್ಟ್ರೋಕ್:

ಹೆಚ್ಚು ಕಮ್ಮಿ ಅದೇ. 2023ರ ಫೆಬ್ರವರಿಯಲ್ಲಿ ಇ20, ಅಂದರೆ 20% ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, ಈಗ ಬಂಕಿನಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಅದೇ. ಹಳೆಯ ಮಾದರಿ ಪೈಪುಗಳು, ಪ್ರೈಮರ್ ಬಲ್ಬು, ಡಯಾಫ್ರಮ್ಮು ಇದಕ್ಕೆ ಬೇಗ ಬಿರುಸಾಗುತ್ತವೆ. ಪೈಪ್ ಬಿರುಸಾದರೆ ನಳಿಗೆಯನ್ನು ಅಪ್ಪಿ ಹಿಡಿಯುವುದಿಲ್ಲ. ಅಲ್ಲಿ ಪಂಪ್ ಎಳೆಯುವ ಜಾಗವಾದ್ದರಿಂದ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಮುಟ್ಟಿ ನೋಡಿದರೆ ಒಣಗಿಯೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಎಥೆನಾಲ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಶುದ್ಧ ಪೆಟ್ರೋಲ್ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಇ20ಗೆ 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಸುಮಾರು 9% ಹೆಚ್ಚು ಹರಿಯಬೇಕು. ಮೊದಲು ಟ್ಯೂನ್ ಮಾಡಿದವರು ಎಥೆನಾಲ್ ಕಡಿಮೆ ಇದ್ದ ಪೆಟ್ರೋಲಿನಲ್ಲಿ ಮಾಡಿದ್ದರೆ ನಿಮ್ಮ ಎಂಜಿನ್ ಮೈಸೂರಿನಲ್ಲೇ ಲೀನ್ ಅಂಚಿನಲ್ಲಿ ಓಡುತ್ತಿತ್ತು. ಎತ್ತರದ ತೆಳು ಗಾಳಿ ಅದನ್ನು ಮುಚ್ಚಿಟ್ಟಿತ್ತು, ಅಷ್ಟೆ.

ನಿಮ್ಮ ಪೆಟ್ರೋಲಿನಲ್ಲಿ ಎಷ್ಟಿದೆ ಅಂತ ನೋಡಬೇಕಾದರೆ ಗೆರೆಗಳಿರುವ ಗಾಜಿನ ಜಾಡಿಗೆ ಆಯಿಲ್ ಬೆರೆಸದ ಪೆಟ್ರೋಲ್ 100 ಎಂಎಲ್, ನೀರು 10 ಎಂಎಲ್ ಹಾಕಿ ಕುಲುಕಿ ಬಿಡಿ. ನೀರು ಎಥೆನಾಲನ್ನು ಎಳೆದುಕೊಂಡು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಆ ಪದರ 30 ಎಂಎಲ್ ಹತ್ತಿರ ಬಂದರೆ ಎಥೆನಾಲ್ 20%. ಆ ಪೆಟ್ರೋಲ್ ಮತ್ತೆ ಟ್ಯಾಂಕಿಗೆ ಬೇಡ. ಕರಾವಳಿಯ ತೇವಕ್ಕೆ ಕ್ಯಾನಿನಲ್ಲಿ ವಾರಗಟ್ಟಲೆ ಇಟ್ಟ ಪೆಟ್ರೋಲಿನಲ್ಲೂ ಇದೇ ಪದರ ತಾನಾಗಿ ಬರಬಹುದು. ಟೂ ಸ್ಟ್ರೋಕಿಗೆ ಅದು ವಿಷ, ಯಾಕೆಂದರೆ ತಳದ ಪದರದಲ್ಲಿ ಆಯಿಲ್ ಇರುವುದಿಲ್ಲ, ಟ್ಯಾಂಕಿನ ಪೈಪ್ ಎಳೆಯುವುದು ತಳದಿಂದಲೇ. ಆ ವಾರಕ್ಕೆ ಬೇಕಾದಷ್ಟೇ ಬೆರೆಸಿ, ಉಳಿದದ್ದನ್ನು ಸ್ಕೂಟರಿಗೂ ಹಾಕಬೇಡಿ, ಹುಲ್ಲು ಕತ್ತರಿಸುವ ಟೂ ಸ್ಟ್ರೋಕ್ ಮೆಷಿನ್ ಇರುವ ತೋಟದವರಿಗೆ ಕೊಟ್ಟುಬಿಡಿ.

ಈಗ ಪೈಪ್ ಪೂರ್ತಿ ಬದಲಿಸಿ, ಎಥೆನಾಲ್ ತಡೆಯುವಂಥದ್ದನ್ನೇ ಕೇಳಿ ತನ್ನಿ. ತುದಿಗೆ ಕ್ಲಿಪ್ ಹಾಕಿ. ಡಯಾಫ್ರಮ್ ಕಿಟ್ಟೂ ಜೊತೆಗೇ ಬದಲಿಸಿ. ಅದು ಮುಗಿದ ಮೇಲೆ ಎಚ್ ಸ್ಕ್ರೂ.

ಚಾಮುಂಡಿ ತಪ್ಪಲು:

ಪೈಪ್, ಕ್ಲಿಪ್ ಮಲ್ಪೆಯಲ್ಲೇ ಸಿಕ್ಕಿತು. ಡಯಾಫ್ರಮ್ ಕಿಟ್ ನನ್ನ ಬಳಿ ಇತ್ತು. ಹಳೆಯದನ್ನು ಬೆಳಕಿಗೆ ಹಿಡಿದರೆ ಪಂಪಿನ ಕಡೆಯ ಸಣ್ಣ ನಾಲಗೆಗಳ ತುದಿ ಮೇಲಕ್ಕೆ ಮಡಚಿಕೊಂಡಿದೆ. ಈಗ ಗುಳ್ಳೆ ಇಲ್ಲ, ಬೆನ್ನ ಮೇಲೆ ಫುಲ್ ಕೊಟ್ಟರೆ 200ಕ್ಕೆ ನಿಲ್ಲುತ್ತದೆ. ಟಾರ್ಕ್ ವಿಷಯವೂ ಗೊತ್ತಾಯಿತು, ಬಲಗಡೆಯ ಸ್ಟ್ರಾಪ್ ಎರಡು ಬೆರಳು ಸಡಿಲವಿತ್ತು. ಸ್ಕ್ರೂ ಈಗ ಮುಟ್ಟಲಾ?

ಎರಡು ಸ್ಟ್ರೋಕ್:

ಈಗ ಮುಟ್ಟಿ. ಎಂಜಿನ್ ಆಫ್ ಮಾಡಿ, ಈಗಿರುವ ಜಾಗಕ್ಕೆ ಪೇಂಟಿನಲ್ಲಿ ಗುರುತು ಹಾಕಿ, ಗಡಿಯಾರದ ವಿರುದ್ಧ ದಿಕ್ಕಿಗೆ ಎಂಟನೇ ಒಂದು ಸುತ್ತು ಬಿಚ್ಚಿ. ಬೆನ್ನ ಮೇಲೆ ಒಂದು ನಿಮಿಷ ಫುಲ್ ಓಡಿಸಿ ನೋಡಿ. 190ರ ಆಸುಪಾಸು ಬಂದು, ಪ್ಲಗ್ ಕಾಫಿ ಬಣ್ಣಕ್ಕೆ ತಿರುಗಿದರೆ ಅಲ್ಲಿಗೆ ನಿಲ್ಲಿಸಿ. ಎಂಜಿನ್ ಕೈಪಿಡಿಯ ಮಿತಿಯೇ ಕೊನೆಯ ಮಾತು. ಸದ್ದು ಒಡೆದು ಗುಡುಗುಡು ಅಂದರೆ ರಿಚ್ ಆಯಿತು (ಪೆಟ್ರೋಲ್ ಹೆಚ್ಚಾಯಿತು), ಅರ್ಧದಷ್ಟು ಹಿಂದಕ್ಕೆ. ಮೊದಲ ಹಾರಾಟ ಬಯಲಿನ ಮೇಲೆಯೇ ಇರಲಿ, ಎಂಜಿನ್ ಯಾವ ಕ್ಷಣ ನಿಂತರೂ ಇಳಿಯುವ ಜಾಗ ಕಾಲಕೆಳಗೆ ಇರಬೇಕು. ಮೈಸೂರಿಗೆ ವಾಪಸ್ ಹೋದ ಮೇಲೆ ಅಲ್ಲಿ ಸ್ವಲ್ಪ ರಿಚ್ ಓಡುತ್ತದೆ, ಪ್ಲಗ್ ಕಪ್ಪಾದರೆ ಮಾತ್ರ ಸ್ಕ್ರೂ ಹಿಂದಕ್ಕೆ ತನ್ನಿ. ವೆಂಟ್ ಪೈಪನ್ನು ಫ್ರೇಮಿನ ಹೊರಬದಿಯಿಂದ ತಂದು ಕೇಬಲ್ ಟೈ ಹಾಕಿ, ಬಿಗಿಯಾಗಿ ಎಳೆಯಬೇಡಿ, ಟೈ ಕೂಡ ಪೈಪನ್ನು ಹಿಸುಕುತ್ತದೆ.