ಚಿಕಿತ್ಸೆ ಮುಗಿದು ಒಂದೂವರೆ ವರ್ಷ, ಹೆದರಿಕೆ ಮಾತ್ರ ಮುಗಿಯುತ್ತಿಲ್ಲ

ಬಾವಿಕಟ್ಟೆ:
ನನಗೆ 44. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆ. ಎಡ ಸ್ತನದ ಕ್ಯಾನ್ಸರ್‌ಗೆ ಮಂಗಳೂರಿನಲ್ಲಿ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಈಗ ಕ್ಯಾನ್ಸರ್ ಮರಳಿ ಬಾರದಿರಲಿ ಅಂತ ದಿನಕ್ಕೊಂದು ಟಾಮೊಕ್ಸಿಫೆನ್ ಮಾತ್ರೆ, ಅಷ್ಟೇ. ಕೂದಲು ಬಂತು. ಜೆಂಬರಗಳಿಗೆ ಹೋದರೆ "ಹುಷಾರಾದಿರಲ್ಲ, ಒಳ್ಳೆದಾಯ್ತು" ಅಂತಾರೆ, ನಾನೂ ನಗುತ್ತೇನೆ.

ಆದರೆ ಚೆಕಪ್ಪಿಗೆ ಹತ್ತು ದಿನ ಇರುವಾಗಲೇ ನಿದ್ದೆ ಹೋಗುತ್ತದೆ. ಬೆನ್ನು ನೋವಾದರೆ ಎಲುಬಿಗೆ ಹೋಯಿತಾ, ತಲೆನೋವಾದರೆ ತಲೆಗೆ ಹೋಯಿತಾ ಅಂತ ಅದೇ ಯೋಚನೆ. ಕೀಮೋ ಆಗುವಾಗ ಒಂದು ದಿನವೂ ಅಳದವಳು ಮೊನ್ನೆ ಬಟ್ಟೆ ಮಡಚುತ್ತಾ ಕೂತು ಅತ್ತುಬಿಟ್ಟೆ, ಕಾರಣ ಏನೂ ಇಲ್ಲ. ಮನೆಯಲ್ಲಿ ಹೇಳಿದರೆ ಅವರೂ ಹೆದರುತ್ತಾರೆ. ಮನಸ್ಸಿನ ಕಷ್ಟ ಕೇಳುವ ಒಬ್ಬ ಕೌನ್ಸಿಲರ್ ಹತ್ತಿರ ಹೋದೆ. ಒಳ್ಳೆಯವರೇ, ಮಾತೆಲ್ಲ ಮಲಯಾಳದಲ್ಲಿ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಾತಾಡುವಷ್ಟು ಮಲಯಾಳ ನನಗೆ ಬರುತ್ತದೆ, ಹೆದರಿಕೆ ಹೇಳುವಷ್ಟು ಬರುವುದಿಲ್ಲ.

ಇನ್ನೊಂದು, ಸಂಜೆಗೆ ಎಡಗೈ ಭಾರ ಆಗುತ್ತದೆ, ಬಳೆ ಬಿಗಿ. ಒಮ್ಮೆ ಇಡೀ ಮೈಯಲ್ಲಿ ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್ ಮಾಡಿಸಿಬಿಡಲಾ? ಡಾಕ್ಟರು ಬೇಡ ಅಂದರು.

ಹನ್ನೊಂದನೇ ವರ್ಷ:
ಮಂಜೇಶ್ವರದವಳು ನಾನು, ನಿಮ್ಮದೇ ಕಾಯಿಲೆ. ಕೀಮೋ ಆಗುವಾಗ ಅಳುವುದಕ್ಕೆ ಪುರುಸೊತ್ತು ಎಲ್ಲಿತ್ತು? ಇವತ್ತು ರಕ್ತ ಪರೀಕ್ಷೆ, ನಾಳೆ ಡ್ರಿಪ್, ನಾಡಿದ್ದು ವಾಂತಿ. ಎಲ್ಲ ಮುಗಿದು "ಮೂರು ತಿಂಗಳು ಬಿಟ್ಟು ಬನ್ನಿ" ಅಂದಾಗ ನನಗೆ ಖುಷಿಗಿಂತ ಜಾಸ್ತಿ ದಿಗಿಲಾಗಿತ್ತು, ಇನ್ನು ನನ್ನನ್ನು ನೋಡುವವರು ಯಾರೂ ಇಲ್ಲ ಅಂತ. ಮನೆಯವರಿಗೆ ಕಥೆ ಅಲ್ಲಿಗೆ ಮುಗಿಯಿತು, ನನಗೆ ಅಲ್ಲಿಂದ ಶುರು.

ಈಗಲೂ ಹೆದರಿಕೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ವರ್ಷದಲ್ಲಿ ಒಂದು ವಾರ ಬರುತ್ತದೆ, ಹೋಗುತ್ತದೆ. ನಾನು ಒಂದು ನೋಟುಪುಸ್ತಕ ಇಟ್ಟೆ. ನೋವು ಬಂದ ದಿನ ಬರೆಯುವುದು. ಎರಡು ವಾರ ಕಳೆದೂ ಹೋಗದಿದ್ದರೆ, ಜೋರಾಗುತ್ತಾ ಬಂದರೆ, ಡಾಕ್ಟರಿಗೆ ಫೋನ್. ಹೆಚ್ಚಿನವು ಐದನೇ ದಿನಕ್ಕೆ ಮಾಯ. ಪುಸ್ತಕ ತಿರುವಿದರೆ ನಗು ಬರುತ್ತದೆ, ಎಷ್ಟು ಸಲ ಸತ್ತಿದ್ದೇನೆ ಅಂತ.

ಇನ್ನೊಂದು, 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ನನ್ನ ಚೆಕಪ್ ತಪ್ಪಿತು, ಫೈಲು ಪೂರ್ತಿ ಆಸ್ಪತ್ರೆಯಲ್ಲೇ ಇತ್ತು. ಯಾವ ಔಷಧಿ ಎಷ್ಟು ಡೋಸ್, ರೇಡಿಯೇಷನ್ ಎಲ್ಲಿಗೆ, ಬಯಾಪ್ಸಿ ರಿಪೋರ್ಟ್, ಎಲ್ಲದರ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ.

ಸಾವಯವ ಮಿತ್ರ:
ಅಕ್ಕಾ, ಲಕ್ಷ್ಮಣಫಲ ತಿನ್ನಿ, ಎಲೆ ಕುದಿಸಿ ಕುಡಿಯಿರಿ. ಮಲಯಾಳದವರು ಮುಳ್ಳಾತ್ತ ಅನ್ನುತ್ತಾರೆ. ಆ ಮಾತ್ರೆ ಎಲ್ಲ ಬಿಟ್ಟುಬಿಡಿ.

ಮನೆಮನೆ ನರ್ಸ್:
ಮಿತ್ರರೇ, ಹಣ್ಣು ನಿಮ್ಮ ಹಿತ್ತಲಲ್ಲೇ ಇರಲಿ. ಅದು ಮನುಷ್ಯರ ಕ್ಯಾನ್ಸರ್ ಗುಣ ಮಾಡಿದ್ದಕ್ಕೆ ಆಧಾರ ಇಲ್ಲ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಅದನ್ನು ತುಂಬಾ ಬಳಸುವವರಲ್ಲಿ ಪಾರ್ಕಿನ್ಸನ್ (ಕೈ ನಡುಗಿ ಮೈ ಬಿಗಿಯುವ ನರರೋಗ) ತರಹದ ತೊಂದರೆ ಕಂಡಿದೆ. ಮಾತ್ರೆ ಬಿಡಿ ಅನ್ನುವುದು ದಯವಿಟ್ಟು ಬೇಡ.

ಬಾವಿಕಟ್ಟೆ ಅವರೇ, ನಾನು ಪಂಚಾಯಿತಿಯ ಪ್ಯಾಲಿಯೇಟಿವ್ ತಂಡದಲ್ಲಿದ್ದೆ, ಕಾಯಿಲೆಯವರ ನೋವು, ತೊಂದರೆ ಕಡಿಮೆ ಮಾಡುವ ಆರೈಕೆ ಅದು. ಪ್ಯಾಲಿಯೇಟಿವ್ ಅಂದರೆ ಸಾಯುವವರಿಗೆ ಅಂತ ಜನ ಬಾಗಿಲು ಹಾಕುತ್ತಾರೆ, ಹಾಗಲ್ಲ. ಕೈ ಊತಕ್ಕೂ ಕೇಳಬಹುದು. ಕಂಕುಳಿನ ಗ್ರಂಥಿ ತೆಗೆದವರಿಗೆ ಲಿಂಫೆಡೀಮ, ಅಂದರೆ ನೀರು ತುಂಬಿ ಕೈ ಊದುವುದು, ವರ್ಷಗಳ ನಂತರವೂ ಬರಬಹುದು. ಬಳೆ ಬಿಗಿಯಾಗುವ ಹಂತದಲ್ಲೇ ಹಿಡಿದರೆ ಒಳ್ಳೆಯದು. ಫಿಸಿಯೋಥೆರಪಿಸ್ಟ್ ಕೈ ಅಳೆದು ಸ್ಲೀವ್ (ಊತ ತಡೆಯುವ ಬಿಗಿ ತೋಳುಚೀಲ) ಕೊಡುತ್ತಾರೆ, ಅಂದಾಜಿಗೆ ಕೊಳ್ಳಬೇಡಿ. ಭಾರ ಎತ್ತಲೇಬಾರದು ಅಂತ ಹಿಂದೆ ಹೇಳುತ್ತಿದ್ದರು. ಈಗ ಹಾಗಿಲ್ಲ, ತಿಳಿದವರ ಹತ್ತಿರ ಕಲಿತು ನಿಧಾನ ಹೆಚ್ಚಿಸುತ್ತಾ ಹೋದರೆ ವ್ಯಾಯಾಮ ಒಳ್ಳೆಯದೇ. ಆದರೆ ಇವತ್ತೇ ಬಾವಿಯಿಂದ ಇಪ್ಪತ್ತು ಕೊಡಪಾನ ಸೇದಬೇಡಿ. ತೋಟಕ್ಕೆ ಹೋಗುವಾಗ ಗ್ಲೌಸ್ ಹಾಕಿ. ಆ ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆ, ನಾಳೆ ಅಲ್ಲ.

ಪೆಟ್ ಸ್ಕ್ಯಾನ್ ಬಗ್ಗೆ ನಿಮ್ಮ ಡಾಕ್ಟರು ಸರಿ. ಲಕ್ಷಣ ಇಲ್ಲದವರಿಗೆ ಅದನ್ನಾಗಲಿ ಟ್ಯೂಮರ್ ಮಾರ್ಕರ್ ಅನ್ನುವ ರಕ್ತ ಪರೀಕ್ಷೆಯನ್ನಾಗಲಿ ವಾಡಿಕೆಗೆ ಮಾಡುವುದಿಲ್ಲ. ಏನೋ ಒಂದು ಚುಕ್ಕೆ ಕಂಡು, ಅದಕ್ಕೆ ಬಯಾಪ್ಸಿ, ಕೊನೆಗೆ ಏನೂ ಇಲ್ಲ, ಆ ಒಂದು ತಿಂಗಳು ನೀವು ಅರ್ಧ ಆಗುತ್ತೀರಿ. ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ ಡಾಕ್ಟರು ನೋಡುವುದು, ವರ್ಷಕ್ಕೊಂದು ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ), ಇಷ್ಟು ತಪ್ಪಿಸಬೇಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕಾಯದೆ ಹೇಳಿ, ಟಾಮೊಕ್ಸಿಫೆನ್ ತೆಗೆದುಕೊಳ್ಳುವವರು ಅದನ್ನು ಕಡೆಗಣಿಸಬಾರದು.

ಕನ್ನಡದಲ್ಲಿ ಮಾತಾಡಬೇಕಾದರೆ 14416, ಟೆಲಿಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಭಾಷೆ ಆರಿಸಬಹುದು. ಮನಸ್ಸಿನ ಡಾಕ್ಟರು ಮಾತ್ರೆ ಬರೆದರೆ ಟಾಮೊಕ್ಸಿಫೆನ್ ಹೆಸರು ಮೊದಲೇ ಹೇಳಿ. ಪ್ಯಾರಾಕ್ಸೆಟಿನ್, ಫ್ಲೂಕ್ಸೆಟಿನ್ ಅನ್ನುವ ಖಿನ್ನತೆಯ ಮಾತ್ರೆಗಳು ಅದರ ಕೆಲಸವನ್ನು ಕಡಿಮೆ ಮಾಡಬಹುದು. ಬೇರೆ ಮಾತ್ರೆಗಳಿವೆ.

ಗಂಜಿ ಗಿರಾಕಿ:
ನನ್ನದು ಕೆನ್ನೆಯ ಒಳಗೆ, ಆರು ವರ್ಷ ಆಯಿತು. ತಂಬಾಕು ಮುಟ್ಟಿದವನಲ್ಲ, ಅಡಿಕೆ ಮಾತ್ರ, ಅದೂ ನಮ್ಮದೇ ತೋಟದ್ದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಬರೆದಿದೆ, ನನಗೆ ಅದು ಗೊತ್ತಾದದ್ದು ಬಾಯಿ ಕತ್ತರಿಸಿದ ಮೇಲೆ. ಈಗಲೂ ಅಡಿಕೆ ಸುಲಿದು ಮಾರುತ್ತೇನೆ. ಮಾರಿದ ದುಡ್ಡಿನಿಂದಲೇ ಚಿಕಿತ್ಸೆ ಆಯಿತು. ಇದನ್ನು ಯಾವ ಕೌನ್ಸಿಲರಿಗೆ ಯಾವ ಭಾಷೆಯಲ್ಲಿ ಹೇಳಲಿ ಹೇಳಿ.

ಬಾಯಿ ಎರಡು ಬೆರಳಷ್ಟೇ ತೆರೆಯುತ್ತದೆ. ವ್ಯಾಯಾಮ ಬಿಟ್ಟರೆ ಒಂದೂವರೆ. ಎರಡು ವರ್ಷ ಹಂತಿಯಲ್ಲಿ ಕೂತು ಊಟ ಮಾಡಲಿಲ್ಲ, ಸೋರುತ್ತದೆ ಅಂತ ನಾಚಿಕೆ. ಆಮೇಲೆ ಒಬ್ಬ ಬಡಿಸುವ ಹುಡುಗ ಏನೂ ಕೇಳದೆ ಒಂದು ಲೋಟ ಗಂಜಿ ತಂದಿಟ್ಟ, ಅವತ್ತಿನಿಂದ ಹೋಗುತ್ತಿದ್ದೇನೆ. ಕುತ್ತಿಗೆಗೆ ರೇಡಿಯೇಷನ್ ಆದವರು ಯಾರಾದರೂ ಓದುತ್ತಿದ್ದರೆ, ಆರು ತಿಂಗಳಿಗೋ ವರ್ಷಕ್ಕೋ ಥೈರಾಯ್ಡ್ ನೋಡಿಸಿ. ಸುಸ್ತನ್ನು ನಾನು ಬೇಜಾರು ಅಂದುಕೊಂಡಿದ್ದೆ, ಥೈರಾಯ್ಡ್ ಆಗಿತ್ತು. ಹಲ್ಲು ಕೀಳಿಸುವ ಮೊದಲೂ ರೇಡಿಯೇಷನ್ ಆದದ್ದು ಹೇಳಿ, ದವಡೆಯ ಎಲುಬಿಗೆ ತೊಂದರೆ ಆಗಬಹುದು.

ಬಾವಿಕಟ್ಟೆ:
ಸ್ಕ್ಯಾನಿಗೆ ಇಟ್ಟ ದುಡ್ಡಿನಲ್ಲಿ ಸ್ಲೀವ್ ಕೊಳ್ಳುತ್ತೇನೆ. ನೋಟುಪುಸ್ತಕ ಇವತ್ತೇ ಶುರು ಮಾಡಿದೆ, ಮೊದಲ ಸಾಲು ಬೆನ್ನು ನೋವು. ಗಂಜಿಯವರೇ, ನಿಮಗೆ ಈಗ ಉಪ್ಪಿನಕಾಯಿ ಆಗುತ್ತದಾ?

ಗಂಜಿ ಗಿರಾಕಿ:
ಮಿಡಿ ಉಪ್ಪಿನಕಾಯಿ ಉರಿ. ಭರಣಿಯ ಮುಚ್ಚಳ ತೆಗೆದು ಮೂಸುತ್ತೇನೆ, ಆಮೇಲೆ ಗಂಜಿ.