ಲೇಸರ್ ದೋಣಿಯ ಬೂಮ್ ಬಿರುಕು ಬಿಟ್ಟಿದೆ: ವೆಲ್ಡ್ ಮಾಡಿಸಲಾ, ಹೊಸದು ತರಿಸಲಾ?

ಹಾಯಿಹುಚ್ಚ: ನಮಸ್ಕಾರ. ಮುಂಬೈ ಹಾರ್ಬರಿನಲ್ಲಿ ಹಳೇ ಲೇಸರ್ (ಒಬ್ಬರೇ ಓಡಿಸುವ ಪುಟ್ಟ ಹಾಯಿದೋಣಿ) ಓಡಿಸುತ್ತೇನೆ. ಮೊನ್ನೆ ಬೆನ್ನಗಾಳಿ ಜೋರಾಗಿದ್ದಾಗ ದೋಣಿ ವಾಲಿ, ಬೂಮಿನ (ಹಾಯಿಯ ಕೆಳಗಿನ ಅಡ್ಡ ಪೈಪ್) ತುದಿ ನೀರಿಗೆ ಬಡಿಯಿತು. ದಡದಲ್ಲಿ ನೋಡಿದರೆ ವ್ಯಾಂಗ್ (ಬೂಮನ್ನು ಕೆಳಗೆ ಎಳೆದು ಹಿಡಿಯುವ ಹಗ್ಗ) ಕಟ್ಟುವ ಫಿಟಿಂಗಿನ ರಿವೆಟ್ ತೂತಿನಿಂದ ಕೂದಲೆಳೆಯಂಥ ಬಿರುಕು. ಸುತ್ತ ಬಿಳಿ ಪುಡಿ ಬೇರೆ. ವೆಲ್ಡಿಂಗ್ ಅಂಗಡಿಯವರು "ಐದು ನಿಮಿಷದ ಕೆಲಸ" ಅಂತಾರೆ. ಮಾಡಿಸಲಾ?

ಉಪ್ಪುನೀರು: ಬೇಡವೇ ಬೇಡ ಸರ್. ಬೂಮಿನ ಅಲ್ಯೂಮಿನಿಯಂಗೆ ಗಟ್ಟಿತನ ಬರುವುದೇ ಹೀಟ್ ಟ್ರೀಟ್‌ಮೆಂಟಿನಿಂದ. ವೆಲ್ಡ್ ಶಾಖಕ್ಕೆ ಅಕ್ಕಪಕ್ಕದ ಲೋಹ ಮೆತ್ತಗಾಗುತ್ತದೆ. ಬೆಸುಗೆ ಚೆನ್ನಾಗಿಯೇ ಇರುತ್ತದೆ, ಅದರ ಪಕ್ಕದಲ್ಲಿ ಮುರಿಯುತ್ತದೆ. ವ್ಯಾಂಗ್ ಕೆಳಗೆ ಎಳೆಯುವಾಗ ನೀರು ತುದಿಯನ್ನು ಮೇಲೆ ನೂಕಿದರೆ, ಬಗ್ಗುವ ಒತ್ತಡ ಜಾಸ್ತಿ ಬೀಳುವುದು ಆ ಫಿಟಿಂಗ್ ಹತ್ತಿರವೇ. ತೂತು ಇರುವುದೂ ಅಲ್ಲೇ, ಅಲ್ವಾ?

ಬಿಳಿ ಪುಡಿ ಅಂದರೆ ಅಲ್ಯೂಮಿನಿಯಂ ತುಕ್ಕು. ಸ್ಟೀಲ್ ರಿವೆಟ್, ಉಪ್ಪುನೀರು ಎರಡೂ ಸೇರಿದರೆ ತೂತಿನ ಅಂಚನ್ನು ಒಳಗಿಂದ ತಿನ್ನುತ್ತದೆ. ಮೊದಲು ಫಿಟಿಂಗ್ ಬಿಚ್ಚಿ. ಅದರ ಅಡಿಯಲ್ಲಿ ಲೋಹ ಗುಳಿ ಬಿದ್ದಿದ್ದರೆ ಅಥವಾ ಬೂಮ್ ಬಗ್ಗಿದ್ದರೆ ರಿಪೇರಿ ಮಾತೇ ಬೇಡ, ಹೊಸದು ತರಿಸಿ. ಬಗ್ಗಿದೆಯಾ ಅಂತ ನೋಡಲು, ಫಿಟಿಂಗ್ ಎಲ್ಲ ತೆಗೆದ ಮೇಲೆ ಸಮನೆಲದಲ್ಲಿ ಉರುಳಿಸಿದರೆ ಸಾಕು.

ಹಾಯಿಹುಚ್ಚ: ಬಿಚ್ಚಿದೆ. ಬಗ್ಗಿಲ್ಲ, ಗುಳಿಯೂ ಇಲ್ಲ. ಹೊಸ ಬೂಮಿನ ರೇಟ್ ಕೇಳಿ ತಲೆ ತಿರುಗಿತು. ಒಳಗೆ ಇನ್ನೊಂದು ಪೈಪ್ ತೂರಿಸಿದರೆ ಹೇಗೆ?

ಉಪ್ಪುನೀರು: ಸುಮ್ನೆ ಓಡಾಡುವುದಕ್ಕೆ ಆಗುತ್ತದೆ. ಬಿರುಕಿನ ಕೊನೆಯಲ್ಲಿ 3 ಮಿಮೀ ತೂತು ಕೊರೆಯಿರಿ, ಮುಂದೆ ಓಡುವುದು ನಿಲ್ಲುತ್ತದೆ. ಸ್ಲೀವ್, ಅಂದರೆ ಆ ಒಳಪೈಪ್, ಬಿಗಿಯಾಗಿ ಕೂರಬೇಕು. ಬಿರುಕಿನ ಎರಡೂ ಕಡೆ ಬೂಮಿನ ವ್ಯಾಸದ ಮೂರ್ನಾಲ್ಕು ಪಟ್ಟು ಉದ್ದ ಇರಲಿ. ತುದಿಗಳನ್ನು ನೇರ ಕತ್ತರಿಸಬೇಡಿ, ಓರೆಯಾಗಿ ಕತ್ತರಿಸಿ. ಇಲ್ಲದಿದ್ದರೆ ಸ್ಲೀವ್ ಮುಗಿಯುವ ಕಡೆ ಹೊಸ ಬಿರುಕು ಶುರುವಾಗುತ್ತದೆ. ರಿವೆಟ್‌ಗಳೂ ಒಂದೇ ಸುತ್ತಿನಲ್ಲಿ ಬೇಡ, ಹಿಂದೆ ಮುಂದೆ ಹಾಕಿ. ಸ್ಟೀಲ್ ತಾಗುವಲ್ಲೆಲ್ಲ ತುಕ್ಕು ತಡೆಯುವ ಡ್ಯುರಾಲಾಕ್ ಥರದ ಪೇಸ್ಟ್ ಹಚ್ಚಿ.

ಗಾಳಿಮಾತು: ರೇಸ್ ಉದ್ದೇಶ ಇದ್ದರೆ ಮೆಷರರ್ (ದೋಣಿ ನಿಯಮದ ಪ್ರಕಾರ ಇದೆಯಾ ಅಂತ ನೋಡುವವರು) ಹತ್ತಿರ ಮೊದಲೇ ಕೇಳಿ. 2019ರಲ್ಲಿ ಲೇಸರ್ ದೋಣಿಯ ಹೆಸರು ಐಎಲ್‌ಸಿಎ ಆದರೂ, ದೋಣಿಗೆ ಮಾಡುವ ಬದಲಾವಣೆ ಬಗ್ಗೆ ನಿಯಮ ಸಡಿಲ ಆಗಿಲ್ಲ.

ಹಾಯಿಹುಚ್ಚ: ರೇಸ್ ಇಲ್ಲ ಬಿಡಿ. ಆದರೆ ಸ್ಲೀವ್ ಅರ್ಧ ದಾರಿಯಲ್ಲೇ ಸಿಕ್ಕಿಕೊಂಡಿದೆ!

ಉಪ್ಪುನೀರು: ದಾರಿಯಲ್ಲಿ ಬೇರೆ ಫಿಟಿಂಗಿನ ರಿವೆಟ್ ಇದೆ, ಅದರ ಬಾಲ ಒಳಗೆ ಚಾಚಿಕೊಂಡಿದೆ. ಸುತ್ತಿಗೆ ಹಾಕಬೇಡಿ. ಸ್ಲೀವ್ ಹೊರಗೆಳೆದು, ಆ ರಿವೆಟ್ ತಲೆ ಡ್ರಿಲ್ ಮಾಡಿ ತೆಗೆದು, ಆಮೇಲೆ ತೂರಿಸಿ.